ಅವಳಿಗೆ ನೆನಪಿಲ್ಲದ ತಿಂಗಳು

ನಾನು ಅವಳನ್ನು ಮೊದಲು ನೋಡಿದಾಗ ಅವಳು ತನ್ನ ಮಗು ಬೇಕೆಂದು ಅಳುತ್ತಿದ್ದಳು. ಮಗು ಕೈಗೆಟುಕುವಷ್ಟು ದೂರದಲ್ಲಿ, ಅವಳ ತಾಯಿಯ ಮಡಿಲಲ್ಲೇ ಇತ್ತು. ಅದೂ ಅಳುತ್ತಿತ್ತು.

ಸಾಗರದಲ್ಲಿ ಒಬ್ಬ ಮನೋವೈದ್ಯರು ನಡೆಸುತ್ತಿದ್ದ ಸಣ್ಣ ನರ್ಸಿಂಗ್ ಹೋಮಿನಲ್ಲಿ ನನಗೆ ಆಗ ಕೆಲಸ. ಕೆಳಗೆ ಡಾಕ್ಟರ ಕೋಣೆ, ಮೇಲೆ ಕೆಲವೇ ಹಾಸಿಗೆಗಳು. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಹೊಸನಗರದ ಹತ್ತಿರದ ನಮ್ಮೂರಿಗೆ ವಾರಕ್ಕೊಮ್ಮೆಯಾದರೂ ಹೋಗಿಬರಬಹುದು ಎಂದು ಈ ಕೆಲಸ ಹಿಡಿದಿದ್ದೆ. ಎಲ್ಲಿ ಕೆಲಸ ಅಂತ ಕೇಳಿದವರು ನನ್ನ ಉತ್ತರ ಕೇಳಿ ಹುಬ್ಬೇರಿಸುತ್ತಿದ್ದರು. "ಹೆದರಿಕೆ ಆಗಲ್ವಾ?" ಅನ್ನುತ್ತಿದ್ದರು. ಬಾಡಿಗೆ ಕೋಣೆಯ ಪಕ್ಕದ ಹುಡುಗಿಯರು ಬ್ಯಾಂಕಿಗೋ ಶಾಲೆಗೋ ಹೋಗುವವರು. ಅವರ ಮಾತಿನ ನಡುವೆ ನನ್ನ ದಿನದ ಸುದ್ದಿ ಹೇಳುವ ಜಾಗವೇ ಇರಲಿಲ್ಲ. ಸಾಗರದಲ್ಲಿ ನನಗೆ ಗೆಳತಿ ಅನ್ನುವವರು ಯಾರೂ ಇರಲಿಲ್ಲ.

ಮಗುವಿಗಾಗಿ ಅಳುತ್ತಿದ್ದ ಅವಳನ್ನು ಜೋಗದಿಂದ ಕರೆತಂದಿದ್ದರು. ಗಂಡ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದವರು. ಅವಳು ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಕಾಲೊನಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದಳು. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ಚೊಚ್ಚಲ ಹೆರಿಗೆ. ಹೆಣ್ಣು ಮಗು.

"ಮೊದಲು ಬಾಳ ಖುಷೀಲಿದ್ಲು ಸಿಸ್ಟರ್," ಅಂದರು ಅವಳ ತಾಯಿ. "ಮಾತಂದ್ರೆ ಮಾತು. ನಿದ್ದೇನೇ ಇಲ್ಲ. ಬಾಣಂತಿ ಮಲಗೋದು ಬಿಟ್ಟು ಮಷೀನ್ ಮುಂದೆ ಕೂತು ಎಲ್ರ ಬಟ್ಟೆ ಹೊಲಿದು ಮುಗಿಸ್ತೀನಿ ಅಂತಿದ್ಲು. ಆಮೇಲೊಂದಿನ ತೊಟ್ಟಿಲು ಬಗ್ಗಿ ನೋಡಿ, ಇದ್ಯಾರ ಮಗು ಅಂದ್ಲು. ತಮಾಷೆ ಅಂದ್ಕೊಂಡೆ. ತಮಾಷೆ ಅಲ್ಲ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಕಣ್ಣು ಕೆಂಪಾಗಿತ್ತು, ಸೀರೆಯ ಎದೆಭಾಗ ಹಾಲಿನಿಂದ ಒದ್ದೆಯಾಗಿತ್ತು.

"ನನ್ನ ಮಗು ಹೆರಿಗೆ ಆಸ್ಪತ್ರೇಲೇ ಉಳ್ಕೊಂಡಿದೆ," ಅಂದಳು. "ಇವ್ರು ಬೇರೆ ಯಾರದ್ದೋ ತಂದಿದಾರೆ. ನನ್ನ ಮಗು ಅಲ್ಲಿ ಹಸಿದು ಅಳ್ತಿದೆ. ಯಾರಾದ್ರೂ ಹೋಗಿ ಕರ್ಕೊಂಬನ್ನಿ. ನೀವಾದ್ರೂ ಹೋಗಿ."

ಊರಿನ ಹಿರಿಯರು ಇದನ್ನು ಬಾಣಂತಿ ಸನ್ನಿ ಅನ್ನುತ್ತಾರೆ. ನಮ್ಮಜ್ಜಿಯೂ ಹಾಗೇ ಅನ್ನುತ್ತಿದ್ದಳು, ದನಿ ತಗ್ಗಿಸಿ. ಇವಳಿಗೆ ಮನೆಯಲ್ಲಿ ಆಗಲೇ ಕಷಾಯ ಕುಡಿಸಿ, ಕೈಗೆ ತಾಯಿತ ಕಟ್ಟಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿಸಿ ನೋಡಿ ಆಗಿತ್ತು. ಡಾಕ್ಟರು ಅದಕ್ಕೆಲ್ಲ ಸಿಟ್ಟಾಗಲಿಲ್ಲ. ಗಂಡನನ್ನೂ ತಾಯಿಯನ್ನೂ ಎದುರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಹೆರಿಗೆ ಆದ ಕೆಲವು ದಿನಗಳಲ್ಲಿ ಅಪರೂಪಕ್ಕೆ ಕೆಲವು ಹೆಂಗಸರಿಗೆ ಹೀಗಾಗುತ್ತದೆ, ಮೈಯೊಳಗಿನ ಏರುಪೇರು, ನಿದ್ದೆಗೇಡು ಎಲ್ಲ ಸೇರಿ ಮನಸ್ಸು ಹಳಿ ತಪ್ಪುತ್ತದೆ, ಇದು ಕಾಯಿಲೆ, ಯಾರ ತಪ್ಪೂ ಅಲ್ಲ, ವಾಸಿಯಾಗುತ್ತದೆ. ಆದರೆ ವಾಸಿಯಾಗುವವರೆಗೆ ತಾಯಿ ಮತ್ತು ಮಗು ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬಾರದು. ಅವಳ ಮನಸ್ಸಿನಲ್ಲಿ ಕೇಡಿಲ್ಲದಿದ್ದರೂ ಕಾಯಿಲೆ ಅವಳಿಂದ ಏನನ್ನಾದರೂ ಮಾಡಿಸಿಬಿಡಬಹುದು.

ಮಗುವಿಗೂ ಅದರ ಅಜ್ಜಿಗೂ, ಅಂದರೆ ಅವಳ ತಾಯಿಗೂ, ಒಂದು ಕೋಣೆ ಕೊಟ್ಟೆವು. ಪಕ್ಕದ ಕೋಣೆ ಅವಳಿಗೆ. ಹಗಲಿನ ಪಾಳಿಯಲ್ಲಿ ಅವಳ ಜೊತೆಗಿರುವುದು ನನ್ನ ಕೆಲಸವಾಯಿತು.

ನಮಗೆ ಕಲಿಸಿದ ಮೊದಲ ಪಾಠ, ರೋಗಿಯ ನಂಬಿಕೆಯ ಜೊತೆ ವಾದಕ್ಕಿಳಿಯಬಾರದು, ಹಾಗೆಂದು ಹೌದು ಹೌದು ಎಂದು ತಲೆಯನ್ನೂ ಆಡಿಸಬಾರದು. ಪುಸ್ತಕದಲ್ಲಿ ಓದಿದಾಗ ಸಲೀಸು ಅನ್ನಿಸಿತ್ತು. ಅವಳು ನನ್ನ ಕೈ ಹಿಡಿದು, "ನಿಮಗೆ ಕೇಳಿಸ್ತಿಲ್ವಾ? ನನ್ನ ಮಗು ಅಳ್ತಿದೆ," ಅಂದಾಗ ಏನು ಹೇಳುವುದು? ಪಕ್ಕದ ಕೋಣೆಯಲ್ಲಿ ಅವಳ ಮಗು ನಿಜಕ್ಕೂ ಅಳುತ್ತಿತ್ತಲ್ಲ!

"ಕೇಳಿಸ್ತಿದೆ," ಅಂದೆ.

"ಮತ್ತೆ?"

"ಅಜ್ಜಿ ನೋಡ್ಕೊಳ್ತಿದಾರೆ. ಮಗು ಕ್ಷೇಮವಾಗಿದೆ."

"ಅದಲ್ಲ. ಅದು ಬೇರೆಯವ್ರ ಮಗು."

"ನಿಮಗೆ ಹಾಗನ್ನಿಸ್ತಿದೆ, ಅದು ಎಷ್ಟು ಸಂಕಟ ಅಂತ ನಂಗೆ ಕಾಣ್ತಿದೆ," ಅಂದೆ. "ನಂಗೆ ಮಾತ್ರ ಹಾಗನ್ನಿಸ್ತಿಲ್ಲ."

ಅವಳು ಕೈ ಬಿಟ್ಟಳು. ನನ್ನ ಮೇಲೆ ಕೋಪ ಬಂದಂತಿರಲಿಲ್ಲ. ಇವಳಿಂದಲೂ ಆಗುವುದಿಲ್ಲ ಅನ್ನುವ ಹಾಗೆ ಗೋಡೆಯ ಕಡೆ ತಿರುಗಿಕೊಂಡಳು.

ಮೊದಲ ದಿನಗಳಲ್ಲಿ ಇಂಜೆಕ್ಷನ್ನು, ಮಾತ್ರೆ, ನಿದ್ದೆ. ಅಷ್ಟೇ. ನಿದ್ದೆಯನ್ನು ವಾಪಸು ತರುವುದೇ ಅರ್ಧ ಚಿಕಿತ್ಸೆ. ಒಮ್ಮೆ ಔಷಧಿಯಿಂದ ಅವಳ ಕುತ್ತಿಗೆ ಒಂದು ಕಡೆ ಸೆಟೆದುಕೊಂಡಿತು. ತಾಯಿ ಗಾಬರಿಬಿದ್ದು ಮತ್ತೆ ದೆವ್ವದ ಮಾತು ತೆಗೆದರು. ಅದು ಔಷಧಿಯ ಅಡ್ಡ ಪರಿಣಾಮ ಎಂದು ಹೇಳಿ, ಡಾಕ್ಟರು ಬರೆದ ಇನ್ನೊಂದು ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಕುತ್ತಿಗೆ ಸಡಿಲವಾಯಿತು. ತಾಯಿ ನನ್ನ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ಅವರು ದೆವ್ವದ ಸುದ್ದಿ ಎತ್ತಲಿಲ್ಲ.

ನಿದ್ದೆ ಬಂತು, ಮಾತಿನ ರಭಸ ಇಳಿಯಿತು. ಆದರೆ ಮಗು ತನ್ನದಲ್ಲ ಅನ್ನುವ ನಂಬಿಕೆ ಕದಲಲಿಲ್ಲ. ಮಗುವನ್ನು ಎತ್ತಿಕೊಂಡು ಬಾಗಿಲಿಗೆ ತಂದರೆ ಮುಖ ತಿರುಗಿಸುತ್ತಿದ್ದಳು. ಅವಳ ಎದೆ ಮಾತ್ರ ಹಾಲಿನಿಂದ ಕಟ್ಟಿ ಕಲ್ಲಾಗುತ್ತಿತ್ತು.

ಒಂದು ಬೆಳಿಗ್ಗೆ ಅವಳು ಲೋಟ ಕೇಳಿದಳು. ನೀರಿಗೆಂದುಕೊಂಡು ಸ್ಟೀಲ್ ಲೋಟ ತಂದುಕೊಟ್ಟೆ. ಅವಳು ಗೋಡೆಗೆ ಮುಖ ಮಾಡಿ ಕೂತು ಅದಕ್ಕೆ ಹಾಲು ಹಿಂಡಿದಳು. ಸೆರಗಿನ ತುದಿ ಮುಚ್ಚಿ ನನ್ನ ಕೈಗಿಟ್ಟಳು.

"ನನ್ನ ಮಗೂಗೆ ತಲುಪಿಸ್ತೀರಾ?"

ಲೋಟ ಬೆಚ್ಚಗಿತ್ತು. ನಾನು ಕೆಳಗೆ ಹೋಗಿ ಡಾಕ್ಟರನ್ನು ಕೇಳಿದೆ. ಮೊದಲ ದಿನಗಳ ಇಂಜೆಕ್ಷನ್ ನಿಂತಿತ್ತು. ಈಗಿನ ಮಾತ್ರೆ ಹಾಲಿಗೆ ತೊಂದರೆ ಕೊಡುವಂಥದ್ದಲ್ಲ ಎಂದು ಅವರು ಮಕ್ಕಳ ಡಾಕ್ಟರ ಜೊತೆ ಆಗಲೇ ಮಾತಾಡಿಯೇ ಆರಿಸಿದ್ದರು. "ಕೊಡಿ, ಮಗು ತುಂಬ ನಿದ್ದೆ ಮಾಡುತ್ತಾ ಅಂತ ಗಮನಿಸ್ತಾ ಇರಿ," ಅಂದರು. ಮೇಲೆ ಬಂದು ಪಕ್ಕದ ಕೋಣೆಗೆ ಹೋದೆ. ಅಜ್ಜಿ ಮನೆಯಿಂದ ಬೆಳ್ಳಿಯ ಒಳಲೆ ತಂದಿದ್ದರು, ಮಕ್ಕಳಿಗೆ ಹಾಲು ಹಾಕುವ ಮೂತಿಯ ಬಟ್ಟಲು. ಅದಕ್ಕೆ ಬಗ್ಗಿಸಿಕೊಂಡು ಮಗುವಿನ ಬಾಯಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿದರು. ಮಗು ಚಪ್ಪರಿಸಿ ಕುಡಿಯಿತು. ಅಜ್ಜಿಯ ಕಣ್ಣಲ್ಲಿ ನೀರು ಬಂತು.

ವಾಪಸು ಬಂದಾಗ ಅವಳು ಬಾಗಿಲನ್ನೇ ನೋಡುತ್ತಿದ್ದಳು.

"ಮಗು ಕುಡೀತು," ಅಂದೆ.

ಅದು ನನ್ನ ಲೋಕದಲ್ಲೂ ನಿಜ, ಅವಳ ಲೋಕದಲ್ಲೂ ನಿಜ. ಅಷ್ಟು ದಿನದಲ್ಲಿ ನಾವಿಬ್ಬರೂ ಒಪ್ಪಿಕೊಂಡ ಮೊದಲ ಮಾತು ಅದು.

"ಪೂರ್ತಿ ಕುಡೀತಾ?"

"ಪೂರ್ತಿ."

"ಅಳ್ತಿತ್ತಾ?"

"ಅಳ್ತಿತ್ತು. ಈಗಿಲ್ಲ. ಮುಷ್ಟಿ ಕಟ್ಕೊಂಡು ಮಲಗಿದೆ."

ಅವಳು ಮುಖ ಮುಚ್ಚಿಕೊಂಡು ಅತ್ತಳು. ಈ ಸಲದ ಅಳು ಬೇರೆಯಾಗಿತ್ತು.

ಅಲ್ಲಿಂದ ಅದು ದಿನದ ಕೆಲಸವಾಯಿತು. ಲೋಟ ಹಿಡಿದು ಒಂದು ಬಾಗಿಲಿಂದ ಹೊರಟು ಇನ್ನೊಂದು ಬಾಗಿಲಿಗೆ ಹೋಗುವುದು, ಸುದ್ದಿ ಹೊತ್ತು ತಿರುಗಿ ಬರುವುದು. ಇವತ್ತು ಬಿಕ್ಕಳಿಕೆ ಬಂದಿತ್ತು. ಇವತ್ತು ಸ್ನಾನ ಆಯ್ತು, ನೆತ್ತಿಗೆ ಎಣ್ಣೆ ಹಾಕುವಾಗ ಕಣ್ಣು ಮುಚ್ಚಿ ಸುಖಪಟ್ಟಿತು. ಎಡಗಿವಿಯ ಹಿಂದೆ ಸಾಸಿವೆಯಷ್ಟು ಮಚ್ಚೆಯಿದೆ. ಅವಳು ಪ್ರತಿಯೊಂದನ್ನೂ ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದಳು. ತನ್ನ ಮಗು ದೂರದ ಊರಿನಲ್ಲಿದೆ ಅಂತಲೇ ಅವಳ ಎಣಿಕೆ. ನಾನು ಹೇಗೆ ಅಷ್ಟು ಬೇಗ ಹೋಗಿಬರುತ್ತೇನೆ ಎಂದು ಒಮ್ಮೆಯೂ ಕೇಳಲಿಲ್ಲ.

ಸುದ್ದಿಯ ನಡುವೆ ಬೇರೆ ಮಾತು ಬೆಳೆಯಿತು. ಹೊಲಿಗೆಯ ಮಾತು ಬಂದರೆ ಅವಳು ಹಳೆಯ ಅವಳೇ ಆಗುತ್ತಿದ್ದಳಂತೆ, ತಾಯಿ ಹೇಳಿದರು. ವಾರ್ಡಿನಲ್ಲಿ ಕತ್ತರಿ ಸೂಜಿ ಕೊಡುವಂತಿಲ್ಲ. ಹಳೆಯ ಪೇಪರು ತಂದುಕೊಟ್ಟೆ. ಅವಳು ಅದನ್ನು ಮಡಚಿ, ಮಡಿಕೆಯ ಮೇಲೆ ಉಗುರು ಎಳೆದು, ನೇರವಾಗಿ ಹರಿಯುತ್ತಿದ್ದಳು. ಹಾಗೇ ಹರಿದು ಹರಿದು ಒಂದು ರವಿಕೆಯ ಕಟಿಂಗನ್ನೇ ಹಾಸಿಗೆಯ ಮೇಲೆ ಹರವಿದಳು. ಬೆನ್ನು, ಎದೆ, ತೋಳು, ಪಟ್ಟಿ.

"ನಿನ್ನ ರವಿಕೆ ಯಾರು ಹೊಲಿದಿದ್ದು ಮಾರಾಯ್ತಿ?" ಅಂದಳು ಒಂದು ದಿನ, ನನ್ನ ಹೆಗಲು ಹಿಡಿದು ತಿರುಗಿಸಿ. "ತೋಳು ಎಳೀತಿದೆ ನೋಡು. ಆರ್ಮ್‌ಹೋಲ್ ಸಣ್ಣ ಮಾಡಿದಾರೆ. ನಾನು ಮನೆಗೆ ಹೋದ್ಮೇಲೆ ಬಾ, ಹೊಲಿದುಕೊಡ್ತೀನಿ."

ನೀವು ಹೋಗಿ ನೀನು ಬಂದಿದ್ದು, ಸಿಸ್ಟರ್ ಹೋಗಿ ಮಾರಾಯ್ತಿ ಬಂದಿದ್ದು ನನಗೆ ಎಷ್ಟು ಹಿತವಾಯಿತೆಂದರೆ ಆ ಸಂಜೆ ಕೋಣೆಗೆ ಹೋಗುವ ದಾರಿಯಲ್ಲಿ ನನ್ನಷ್ಟಕ್ಕೇ ನಗುತ್ತಿದ್ದೆ. ನನ್ನ ಊರಿನ ಬಗ್ಗೆ ಕೇಳಿದಳು. ಮದುವೆಗೆ ನೋಡುತ್ತಿದ್ದಾರಾ ಎಂದು ಕೇಳಿದಳು. ನೋಡಲು ಬಂದವರು ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ತಿಳಿದು ಮತ್ತೆ ಸುದ್ದಿ ಕಳಿಸಲಿಲ್ಲ ಎಂದು ನಾನು ಹೇಳಿದಾಗ ಬಿದ್ದು ಬಿದ್ದು ನಕ್ಕಳು. "ಹೋಗ್ಲಿ ಬಿಡು, ಅಂಥ ಮನೇಲಿ ನೀನೇ ಪೇಷಂಟ್ ಆಗ್ತಿದ್ದೆ," ಅಂದಳು. ಆ ವಿಷಯಕ್ಕೆ ನನಗೆ ನಗು ಬಂದಿದ್ದು ಅದೇ ಮೊದಲು. ರೋಗಿಯ ಹತ್ತಿರ ನಮ್ಮ ಮನೆಯ ಸುದ್ದಿ ಹೆಚ್ಚು ಹೇಳಬಾರದು ಎಂದು ಕಲಿತಿದ್ದೆ. ಅಷ್ಟು ಹೇಳಿ ನಿಲ್ಲಿಸುತ್ತಿದ್ದೆ. ನಿಲ್ಲಿಸುವುದಕ್ಕೆ ಕಷ್ಟವಾಗುತ್ತಿತ್ತು.

ಅಷ್ಟರಲ್ಲಿ ಅವಳು ಊಟ ಬಿಟ್ಟಳು. ಮಗುವನ್ನು ತಂದುಕೊಡದಿದ್ದರೆ ತಾನೂ ಉಣ್ಣುವುದಿಲ್ಲ ಎಂದು ಮೊದಲು, ಆಮೇಲೆ ತಾನು ಬದುಕಿರುವುದರಿಂದಲೇ ಮಗುವಿಗೆ ಈ ಗತಿ ಎಂದು. ಹಾಲು ಕಡಿಮೆಯಾಯಿತು. ಡಾಕ್ಟರು ಇನ್ನು ಕಾಯುವುದು ಒಳ್ಳೆಯದಲ್ಲ ಎಂದು ಗಂಡನನ್ನು ಕರೆಸಿದರು. ಈಸಿಟಿ ಕೊಡಬೇಕೆಂದರು. ನಮ್ಮ ಕಡೆ ಜನ ಅದನ್ನು ಕರೆಂಟ್ ಕೊಡುವುದು ಅನ್ನುತ್ತಾರೆ.

ಗಂಡ ಡಾಕ್ಟರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಹೊರಗೆ ಬಂದು ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿಕೊಂಡರು.

"ಸಿಸ್ಟರ್, ಕರೆಂಟ್ ಅಂದ್ರೆ ಏನಂತ ನಂಗೊತ್ತು. ದಿನಾ ಅದರ ಜೊತೇನೇ ಇರೋನು ನಾನು. ಹತ್ರ ಹೋಗೋ ಮುಂಚೆ ಕೈಗೆ ಗ್ಲೌಸು, ಕಾಲಿಗೆ ಬೂಟು ಹಾಕ್ಕೊಂಡು, ಲೈನ್ ಆಫ್ ಆಗಿದ್ಯಾ ಅಂತ ನಾವು ಮತ್ತೆ ಮತ್ತೆ ನೋಡ್ತೀವಿ. ಅದನ್ನ ಇವಳ ತಲೆಗೆ ಇಡ್ತೀರಾ?"

ನಾನು ಅವರನ್ನು ಬೆಂಚಿನ ಮೇಲೆ ಕೂರಿಸಿದೆ.

"ಮೊದಲು ಅರಿವಳಿಕೆ ಕೊಡ್ತಾರೆ, ಅದಕ್ಕೇ ಬೇರೆ ಡಾಕ್ಟರ್ ಬರ್ತಾರೆ. ಮೈ ಸಡಿಲ ಆಗೋಕೆ ಔಷಧಿ ಕೊಡ್ತಾರೆ. ಅವರಿಗೆ ನಿದ್ದೆ ಬಂದಿರುತ್ತೆ, ನೋವು ಗೊತ್ತಾಗಲ್ಲ. ಕೊಡೋ ಕರೆಂಟು ಚೂರೇ ಚೂರು, ಕೆಲವೇ ಸೆಕೆಂಡು. ನಾನು ಪಕ್ಕದಲ್ಲೇ ಇರ್ತೀನಿ."

"ಆಮೇಲೆ?"

"ಎದ್ದ ಮೇಲೆ ಸ್ವಲ್ಪ ಹೊತ್ತು ಗಲಿಬಿಲಿ. ತಲೆನೋವು ಬರಬಹುದು. ಈ ದಿನಗಳ ನೆನಪು ಒಂದಷ್ಟು ಹೋಗಬಹುದು. ಕೆಲವು ವಾಪಸ್ ಬರುತ್ತೆ, ಕೆಲವು ಬರದೇನೂ ಇರಬಹುದು."

ಅವರು ನಿಟ್ಟುಸಿರು ಬಿಟ್ಟರು. "ಈ ದಿನಗಳ ನೆನಪು ಯಾರಿಗೆ ಬೇಕು ಸಿಸ್ಟರ್? ಹೋದ್ರೆ ಹೋಗ್ಲಿ," ಅಂದರು. ಒಳಗೆ ಹೋಗಿ ಸಹಿ ಹಾಕಿದರು.

ಚಿಕಿತ್ಸೆಯ ಬೆಳಿಗ್ಗೆಗಳಲ್ಲಿ ನಾನು ಅವಳ ಬಳೆ, ಹೇರ್‌ಪಿನ್ನು ತೆಗೆದಿಡುತ್ತಿದ್ದೆ. ಖಾಲಿ ಹೊಟ್ಟೆಯಲ್ಲಿದ್ದಾಳಾ ಎಂದು ನೋಡುತ್ತಿದ್ದೆ. ಎಚ್ಚರವಾಗುವಾಗ ಅವಳಿಗೆ ಕಾಣುವ ಹಾಗೆ ಮುಖದ ಹತ್ತಿರ ಕೂತು, "ಇದು ಸಾಗರ, ಆಸ್ಪತ್ರೆ, ನಾನು ನಿಮ್ಮ ನರ್ಸು," ಎಂದು ನಿಧಾನವಾಗಿ ಹೇಳುತ್ತಿದ್ದೆ. ಎರಡು ಮೂರು ಸಲ ಆಗುವಷ್ಟರಲ್ಲಿ ಅವಳು ಗಂಜಿ ಕುಡಿದಳು. ಇನ್ನೊಂದಾದ ಮೇಲೆ ಕನ್ನಡಿ ಕೇಳಿ ತಲೆ ಬಾಚಿಕೊಂಡಳು.

ಒಂದು ಮಧ್ಯಾಹ್ನ ಪಕ್ಕದ ಕೋಣೆಯಲ್ಲಿ ಮಗು ಅತ್ತಿತು. ಅವಳು ಹಾಸಿಗೆಯಲ್ಲಿ ಎದ್ದು ಕೂತಳು.

"ಅಮ್ಮ ಯಾಕೆ ಅದನ್ನ ಅಳಿಸ್ತಿದಾಳೆ? ಹಸಿವಾಗಿರ್ಬೇಕು. ಕರ್ಕೊಂಬಾ ಅನ್ನಿ."

ನಾನು ಓಡಲಿಲ್ಲ. ಓಡಬೇಕೆನಿಸಿತ್ತು. ಅಜ್ಜಿ ಮಗುವನ್ನು ತಂದು ಬಾಗಿಲಲ್ಲಿ ಅಂಜುತ್ತಾ ನಿಂತರು. ಅವಳು ಎರಡೂ ಕೈ ಚಾಚಿದಳು. ನಾನು ಪಕ್ಕದಲ್ಲೇ ಕೂತು, ನನ್ನ ಒಂದು ಕೈಯನ್ನು ಮಗುವಿನ ಕೆಳಗೆ ಇಟ್ಟುಕೊಂಡಿದ್ದೆ. ಅವಳು ಮುಖ ನೋಡಿದಳು, ಕಿವಿಯ ಹಿಂದೆ ನೋಡಿದಳು, ಬಟ್ಟೆ ಸರಿಸಿ ಸೊಂಟದ ಕಪ್ಪು ದಾರ ಮುಟ್ಟಿ ನೋಡಿದಳು. "ಇದ್ಯಾರು ಕಟ್ಟಿದ್ದು? ಗಂಟು ಚುಚ್ಚುತ್ತೆ," ಎಂದು ಅದನ್ನು ಬಿಚ್ಚಿ, ಚಪ್ಪಟೆಯಾಗಿ ಕೂರುವ ಹಾಗೆ ಬೇರೆ ಗಂಟು ಹಾಕಿದಳು. ಆಮೇಲೆ ಸೆರಗು ಸರಿಸಿ ಎದೆಗಿಟ್ಟುಕೊಂಡಳು. ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕೆಳಗೆ ಕುಸಿದು ಕೂತರು.

ಅವತ್ತಿನಷ್ಟು ಸಂತೋಷ ಈ ಕೆಲಸದಲ್ಲಿ ನನಗೆ ಮತ್ತೆ ಸಿಕ್ಕಿದ್ದು ಅಪರೂಪ. ಆದರೂ ಅದೇ ಮಧ್ಯಾಹ್ನ ಇನ್ನೊಂದು ಗೊತ್ತಾಯಿತು. ಮಗು ನಿದ್ದೆ ಹೋದ ಮೇಲೆ ಅವಳು ನನ್ನತ್ತ ನೋಡಿ ವಿನಯದಿಂದ ಕೇಳಿದಳು.

"ನಿಮ್ಮ ಹೆಸರೇನು ಸಿಸ್ಟರ್? ಹೊಸದಾಗಿ ಬಂದಿದ್ದಾ?"

ಲೋಟ, ಪೇಪರ್ ಕಟಿಂಗು, ನಗು, ಮಾರಾಯ್ತಿ, ಯಾವುದೂ ಅವಳಲ್ಲಿ ಇರಲಿಲ್ಲ. ದಿನ ಕಳೆದ ಹಾಗೆ ಬರಬಹುದು ಎಂದು ಕಾದೆ. ಹೆಸರು ಬಂತು, ಮುಖ ಬಂತು. ಆ ಸಲಿಗೆ ಬರಲಿಲ್ಲ. ಮನೆಗೆ ಹೊರಟ ದಿನ ಮಗುವನ್ನು ಎತ್ತಿಕೊಂಡು ಬಂದು, "ತುಂಬ ಉಪಕಾರ ಆಯ್ತು ಸಿಸ್ಟರ್," ಅಂದಳು. ಮಾತ್ರೆಗಳನ್ನು ಹೇಗೆ ತೆಗೆದುಕೊಳ್ಳಬೇಕು, ಗುಣವಾಯಿತೆಂದು ತಾನಾಗಿ ನಿಲ್ಲಿಸಬಾರದು, ನಿದ್ದೆ ಕೆಟ್ಟರೆ ತಕ್ಷಣ ಬರಬೇಕು ಎಂದು ನಾನು ವಿವರಿಸಿದೆ. ಅವಳು ತಲೆಯಾಡಿಸಿದಳು. ಜೋಗದ ಬಸ್ಸಿಗೆ ಹೊತ್ತಾಗುತ್ತದೆ ಎಂದು ಗಂಡ ಕರೆದರು.

ಓದುವಾಗ ನಮ್ಮ ಮೇಡಂ ಒಬ್ಬರು, ರೋಗಿಯ ಜೊತೆಗಿನ ಸಂಬಂಧಕ್ಕೆ ಮುಗಿಯುವ ಹಂತ ಅಂತ ಒಂದಿದೆ, ಅದಕ್ಕೆ ಮೊದಲ ದಿನದಿಂದಲೇ ತಯಾರಾಗಬೇಕು ಎಂದು ಕಲಿಸಿದ್ದರು. ರೋಗಿಗೆ ನಮ್ಮ ಅಗತ್ಯ ಇಲ್ಲದಂತಾಗುವುದೇ ನಮ್ಮ ಕೆಲಸ. ನಾನು ಪರೀಕ್ಷೆಯಲ್ಲಿ ಅದನ್ನು ಚೆನ್ನಾಗಿಯೇ ಬರೆದಿದ್ದೆ. ಒಬ್ಬರಿಗೆ ಮುಗಿದು ಇನ್ನೊಬ್ಬರಿಗೆ ಮುಗಿಯದೇ ಉಳಿದರೆ ಏನು ಮಾಡಬೇಕು ಅನ್ನುವುದು ಆ ಪಾಠದಲ್ಲಿ ಇರಲಿಲ್ಲ. ಎಷ್ಟೋ ದಿನ ಆ ಎರಡು ಬಾಗಿಲುಗಳ ನಡುವೆ ಹಾಯುವಾಗ ನನ್ನ ಕೈ ಏನೋ ಹಿಡಿದುಕೊಳ್ಳುವುದಕ್ಕೆ ಹವಣಿಸುತ್ತಿತ್ತು.

ವರ್ಷಗಳು ಕಳೆದವು. ನನಗೆ ಮದುವೆಯಾಯಿತು. ನನ್ನ ಕೆಲಸ ಕೇಳಿ ಹಿಂದೆ ಸರಿಯದ ಮನೆಯೂ ಒಂದಿತ್ತು. ಹೊಸನಗರಕ್ಕೆ ಬಂದೆ. ತಾಲ್ಲೂಕು ಆಸ್ಪತ್ರೆಗಳಿಗೆ ಹೋಗಿ ಮಾನಸಿಕ ಕಾಯಿಲೆಯವರನ್ನು ನೋಡುವ ಸರ್ಕಾರಿ ತಂಡದಲ್ಲಿ ಕೆಲಸ ಸಿಕ್ಕಿತು. ವಾರದಲ್ಲಿ ಒಂದು ದಿನ ಸಾಗರ, ಒಂದು ದಿನ ಹೊಸನಗರ, ಒಂದು ದಿನ ತೀರ್ಥಹಳ್ಳಿ. ಡಾಕ್ಟರು, ನಾನು, ಜೀಪು.

ಈ ಕೆಲಸದಲ್ಲಿ ಒಂದು ನಿಯಮವಿದೆ. ಗುಣವಾದವರು ಪೇಟೆಯಲ್ಲಿ ಸಿಕ್ಕರೆ ನಾವಾಗಿ ಮಾತಾಡಿಸಬಾರದು. ಅವರ ಜೊತೆ ಯಾರಿರುತ್ತಾರೋ, ಅವರಿಗೆ ಏನು ಗೊತ್ತಿರುತ್ತದೋ. ಅವರು ನಕ್ಕರೆ ನಾವು ನಗಬಹುದು. ಹೆಚ್ಚಿನವರು ನಗುವುದಿಲ್ಲ. ಅಂಗಡಿಯಲ್ಲಿ ನನ್ನನ್ನು ನೋಡಿ ಬೆಲ್ಲದ ಡಬ್ಬಿಯ ಕಡೆ ತಿರುಗುವವರಿದ್ದಾರೆ. ಒಂದು ಕಾಲದಲ್ಲಿ ಅನ್ನ ತುತ್ತು ಮಾಡಿ ಬಾಯಿಗಿಟ್ಟವಳು ನಾನು. ಅವರ ಬದುಕಿನ ಅತಿ ಕೆಟ್ಟ ದಿನಗಳ ಮುಖವೂ ನಾನೇ. ಅದು ನನಗೆ ಅರ್ಥವಾಗುತ್ತದೆ.

ಅವಳನ್ನು ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಂಡೆ. ಶಾಲೆಯ ಯೂನಿಫಾರ್ಮು ಹಾಕಿದ ಹುಡುಗಿಯೊಬ್ಬಳು ಅವಳ ಕೈ ಹಿಡಿದು ಜಗ್ಗುತ್ತಾ ಏನೋ ಹಟ ಮಾಡುತ್ತಿದ್ದಳು. ಹುಡುಗಿಗೆ ಎರಡು ಜಡೆ. ಎಡಗಿವಿಯ ಹಿಂದೆ ನೋಡಬೇಕೆಂದು ನನಗೆ ತಡೆಯಲಾರದ ಆಸೆಯಾಯಿತು. ಅವಳು ಸ್ವಲ್ಪ ದಪ್ಪಗಾಗಿದ್ದಳು, ಚೆನ್ನಾಗಿ ಕಾಣುತ್ತಿದ್ದಳು. ನನ್ನ ಕಡೆ ನೋಡಿದಳು. ಎಲ್ಲೋ ನೋಡಿದ ಮುಖ ಅನ್ನುವಂತೆ ಒಂದು ಗಳಿಗೆ ಕಣ್ಣು ನಿಂತಿತು. ನಾನು ನಗಲಿಲ್ಲ. ನಗಬಾರದು. ಕುಂದಾಪುರದ ಬಸ್ಸು ಬಂತು, ಇಬ್ಬರೂ ಹತ್ತಿದರು. ಬಸ್ಸು ತಿರುಗುವವರೆಗೆ ಹುಡುಗಿಯ ತಲೆ ಕಿಟಕಿಯಲ್ಲಿ ಕಾಣುತ್ತಿತ್ತು.

ಅದಾಗಿ ಬಹಳ ದಿನಕ್ಕೆ, ಹೊಸನಗರದ ಆಸ್ಪತ್ರೆಯಲ್ಲಿ ನಮ್ಮ ಓಪಿಡಿ ಮುಗಿದು ನಾನು ಟೇಬಲ್ ಒರೆಸುತ್ತಿರುವಾಗ ಅವಳು ಒಬ್ಬಳೇ ಬಂದಳು.

"ಮೇಡಂ, ನೀವು ಸಾಗರದಲ್ಲಿ ಇದ್ರಲ್ವಾ?"

ಗಂಡನಿಗೆ ವರ್ಗವಾಗಿ, ಕುಂದಾಪುರದ ದಾರಿಯಲ್ಲಿರುವ ಮಾಸ್ತಿಕಟ್ಟೆಗೆ ಬಂದು ಕೆಲವು ವರ್ಷವಾಗಿತ್ತಂತೆ. ಅವಳು ಮತ್ತೆ ಬಸುರಿ. ಮೊದಲ ಹೆರಿಗೆಯಲ್ಲಿ ಈ ಕಾಯಿಲೆ ಆದವರಿಗೆ ಎರಡನೇ ಸಲವೂ ಆಗುವ ಸಂಭವ ಹೆಚ್ಚು ಎಂದು ಸಾಗರದ ಡಾಕ್ಟರು ಅಂದೇ ಎಚ್ಚರಿಸಿದ್ದರು, ಅದಕ್ಕೇ ಈಗಿನಿಂದಲೇ ಕೇಳಿಕೊಂಡು ಹೋಗಲು ಬಂದಿದ್ದಳು. ನಮ್ಮ ತಂಡದ ಡಾಕ್ಟರು ಇನ್ನೂ ಹೊರಟಿರಲಿಲ್ಲ. ವಿವರವಾಗಿ ಮಾತಾಡಿದರು. ಹೆರಿಗೆ ತೀರ್ಥಹಳ್ಳಿಯಲ್ಲಿ, ಅಲ್ಲಿನ ಹೆರಿಗೆ ಡಾಕ್ಟರ ಜೊತೆ ಮೊದಲೇ ಮಾತು. ಹೆರಿಗೆಯಾದ ಕೂಡಲೇ ಮಾತ್ರೆ ಶುರು. ಎಲ್ಲಕ್ಕಿಂತ ಮೊದಲು ನಿದ್ದೆ, ಮಗುವನ್ನು ಬೇರೆಯವರು ನೋಡಿಕೊಂಡು ಅವಳನ್ನು ಮಲಗಲು ಬಿಡಬೇಕು.

ಅದೆಲ್ಲ ಮುಗಿದ ಮೇಲೂ ಅವಳು ಏಳಲಿಲ್ಲ. ಡಾಕ್ಟರು ಹೊರಗೆ ಹೋದರು. ಅವಳು ಚೀಲದ ಹಿಡಿಕೆಯನ್ನು ತಿರುಚುತ್ತಾ ಕೂತಿದ್ದಳು.

"ಅಮ್ಮ ಹೋದ್ಲು ಮೇಡಂ. ಹೋದ ವರ್ಷ."

"ಅಯ್ಯೋ," ಅಂದೆ. ಬಾಗಿಲ ಚೌಕಟ್ಟು ಹಿಡಿದು ಕುಸಿದ ಆ ಹೆಂಗಸು ಕಣ್ಣಿಗೆ ಬಂದರು.

"ಆ ತಿಂಗಳು ನಂಗೆ ನೆನಪಿಲ್ಲ. ಹೆರಿಗೆ ನೆನಪಿದೆ. ಆಮೇಲೆ ಮಗು ಮನೇಲಿ ನಗೋಕೆ ಶುರು ಮಾಡಿದ್ದು ನೆನಪಿದೆ. ನಡುವೆ ಏನೂ ಇಲ್ಲ. ಅಮ್ಮನ್ನ ಕೇಳಿದ್ರೆ ಅದ್ಯಾಕೆ ಈಗ ಅಂತಿದ್ಲು. ಇವ್ರಂತೂ ಬಾಯೇ ಬಿಡಲ್ಲ. ಮಗಳಿಗೆ ಸ್ವಲ್ಪ ಶೀತ ಆದ್ರೂ ಅತ್ತೆ ಅಂತಾರೆ, ಎಳೇಲಿ ತಾಯಿ ಹಾಲು ಕಾಣದ ಮಗು, ಅದಕ್ಕೇ ಹಿಂಗೆ ಅಂತ." ಅವಳು ತಲೆಯೆತ್ತಿದಳು. "ಎಲ್ಲ ತಾಯಂದ್ರಿಗೂ ಇರುತ್ತೆ, ಎಳೇ ಮಗು ಹೆಂಗಿತ್ತು ಅನ್ನೋದು. ನಂಗಿಲ್ಲ. ರಾತ್ರಿ ಮಗಳು ಮಲಗಿದ್ದಾಗ ಮುಖ ನೋಡ್ತಾ ಊಹಿಸ್ಕೊಳ್ತೀನಿ. ಆ ತಿಂಗಳು ನಾನು ಅವಳಿಗೆ ಹಾಲು ಕೊಟ್ಟಿಲ್ವಾ? ನಿಮಗೇನಾದ್ರೂ ನೆನಪಿದ್ಯಾ?"

ನಾನು ಅವಳೆದುರಿನ ಕುರ್ಚಿ ಎಳೆದೆ. ಕೂತುಕೊಂಡೆ.

"ಕೊಟ್ಟಿದೀರಿ," ಅಂದೆ. "ದಿನಾ ಕೊಟ್ಟಿದೀರಿ. ಲೋಟದಲ್ಲಿ ಹಿಂಡಿ, ಸೆರಗು ಮುಚ್ಚಿ ನನ್ನ ಕೈಗೆ ಕೊಡ್ತಿದ್ರಿ. ನಾನೇ ತಗೊಂಡು ಹೋಗ್ತಿದ್ದೆ. ನಿಮ್ಮಮ್ಮ ಒಳಲೇಲಿ ಹಾಕ್ತಿದ್ರು. ಮಗು ಪೂರ್ತಿ ಕುಡೀತಿತ್ತು."

ಅವಳು ಚೀಲ ಬದಿಗಿಟ್ಟು ಮುಂದಕ್ಕೆ ಬಾಗಿದಳು.

"ಅಷ್ಟೆಲ್ಲ ಕಾಯಿಲೆ ಇದ್ದಾಗ್ಲೂ?"

"ಇದ್ದಾಗ್ಲೂ. ನಿಮ್ಮ ಮಗು ನಿಮ್ಮ ಹತ್ರ ಇಲ್ಲ ಅಂತ ನಿಮಗೆ ಅನ್ನಿಸ್ತಿತ್ತು. ಆದ್ರೂ ಅದು ಹಸೀಬಾರ್ದು ಅಂತ ನಿಮ್ಮ ಚಿಂತೆ. ನಿಮ್ಮ ಅತ್ತೆಗೆ ಹೇಳಿ, ನೋಡಿದೋರು ಒಬ್ರು ಇದಾರೆ ಅಂತ."

ನನಗೆ ನೆನಪಿದ್ದಷ್ಟೂ ಹೇಳಿದೆ. ಬಿಕ್ಕಳಿಕೆ, ಎಣ್ಣೆ ಸ್ನಾನ, ಮುಷ್ಟಿ ಕಟ್ಟಿ ಮಲಗುವುದು, ಮಚ್ಚೆ. ಸೊಂಟದ ದಾರದ ಗಂಟು ಬಿಚ್ಚಿ ಬೇರೆ ಹಾಕಿದ್ದು. ಅವಳು ಪ್ರತಿಯೊಂದನ್ನೂ ಎರಡು ಸಲ ಕೇಳಿದಳು. ಅತ್ತಳು, ನಡುವೆ ನಕ್ಕಳು, ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಹೊರಗೆ ಜೀಪಿನ ಡ್ರೈವರು ಎರಡು ಸಲ ಬಂದು ಇಣುಕಿ ಹೋದ.

"ಇನ್ನೇನಾದ್ರೂ ಇದ್ಯಾ ಮೇಡಂ?"

ಇತ್ತು. ಪೇಪರು ಹರಿದು ರವಿಕೆಯ ಕಟಿಂಗ್ ಮಾಡಿದ್ದು, ನನ್ನ ತೋಳು ಹಿಡಿದು ತಿರುಗಿಸಿದ್ದು, ನನ್ನನ್ನು ಕರೆಯುತ್ತಿದ್ದ ರೀತಿ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳು ಕೇಳಿಕೊಂಡು ಬಂದಿದ್ದು ತನ್ನ ಮಗಳ ಎಳೆತನವನ್ನು. ಅದನ್ನು ಪೂರ್ತಿಯಾಗಿ ಕೊಟ್ಟೆ. ಇದನ್ನೂ ಹೇಳಿದರೆ ಪಾಪ, ತಾನು ನನ್ನನ್ನೂ ಮರೆತೆನಲ್ಲ ಎಂದು ಅದಕ್ಕೂ ಒಂದು ಸಂಕಟ ಹಚ್ಚಿಕೊಳ್ಳುತ್ತಾಳೆ.

"ಅಷ್ಟೇ ನಂಗೆ ನೆನಪಿರೋದು," ಅಂದೆ.

ಆಮೇಲಿನ ತಿಂಗಳುಗಳಲ್ಲಿ ಅವಳು ತಪ್ಪದೆ ಬಂದಳು. ಗಂಡನನ್ನೂ, ಒಮ್ಮೆ ಅತ್ತೆಯನ್ನೂ ಕರೆತಂದಳು. ಯಾವ ಲಕ್ಷಣ ಕಂಡರೆ ಫೋನ್ ಮಾಡಬೇಕೆಂದು ಅತ್ತೆಗೇ ನಾನು ಹೇಳಿಕೊಟ್ಟೆ. ಮೊದಲು ಬಿಗಿಯಾಗಿ ಕೂತಿದ್ದವರು ಹೊರಡುವಾಗ, "ಹೆರಿಗೆ ಆದ್ಮೇಲೆ ಮಗೂನ ನಾನೇ ನೋಡ್ಕೊಳ್ತೀನಿ, ಇವಳು ಮಲಗ್ಲಿ," ಅಂದರು. ಅವಳು ಯಾವಾಗಲೂ ನನ್ನನ್ನು ಮೇಡಂ ಅಂತಲೇ ಕರೆದಳು. ಬಂದಾಗ ನಗುತ್ತಿದ್ದಳು. ಪ್ರೀತಿಯಿಂದಲೇ ಮಾತಾಡುತ್ತಿದ್ದಳು. ನನಗೆ ಅಷ್ಟು ಸಾಕಾಗಬೇಕಿತ್ತು. ಅವಳು ಹೋದ ಮೇಲೆ ಒಂದಿಷ್ಟು ಹೊತ್ತು ಯಾರ ಜೊತೆಯೂ ಮಾತು ಬೇಡ ಅನ್ನಿಸುತ್ತಿತ್ತು.

ಹೆರಿಗೆ ತೀರ್ಥಹಳ್ಳಿಯಲ್ಲಿ ಸುಸೂತ್ರವಾಯಿತು. ಗಂಡು ಮಗು. ಮಾತ್ರೆ ಅಂದೇ ಶುರುವಾಗಿತ್ತು. ಮೊದಲ ಸಲ ನಿದ್ದೆ ಹಾರಿಹೋಗಿದ್ದು ಹೆರಿಗೆಯಾದ ಮೇಲಿನ ಯಾವ ದಿನಗಳಲ್ಲೋ, ಆ ದಿನಗಳೇ ಈಗ ನಡೆಯುತ್ತಿದ್ದವು. ನಮ್ಮ ತೀರ್ಥಹಳ್ಳಿಯ ದಿನ ಅದರ ನಡುವೆ ಬಂತು. ಓಪಿಡಿ ಮುಗಿಸಿ ನಾನು ಹೆರಿಗೆ ವಾರ್ಡಿನ ಕಡೆ ನಡೆದೆ. ಹೊರಗಿನ ಬೆಂಚಿನಲ್ಲಿ ಅವಳ ಗಂಡ ಮಗುವನ್ನು ಎರಡೂ ಕೈಯಲ್ಲಿ ಹಿಡಿದು, ಅಲ್ಲಾಡದೆ ಕೂತಿದ್ದರು. ಪಕ್ಕದಲ್ಲಿ ಅಕ್ಕನಾದ ಹುಡುಗಿ ತಮ್ಮನ ಕಾಲ್ಬೆರಳು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅತ್ತೆ ಫ್ಲಾಸ್ಕ್ ತೊಳೆಯಲು ಹೋಗಿದ್ದರಂತೆ.

"ಹೇಗಿದಾರೆ?" ಅಂದೆ.

"ಚೆನ್ನಾಗಿದಾಳೆ ಸಿಸ್ಟರ್. ಹಾಲು ಕೊಟ್ಟು ಈಗ ತಾನೇ ಮಲಗಿದ್ಲು. ನಿನ್ನೇನೂ ಚೆನ್ನಾಗಿ ನಿದ್ದೆ ಮಾಡಿದಾಳೆ." ಅವರು ಏಳಲು ನೋಡಿದರು. "ನೀವು ಬರ್ತೀರಾ ಅಂತ ಕೇಳ್ತಿದ್ಲು. ಎಬ್ಬಿಸ್ಲಾ?"

"ಬೇಡ, ಬೇಡ," ಅಂದೆ.

ಬಾಗಿಲಿಂದ ಒಳಗೆ ನೋಡಿದೆ. ಕೆನ್ನೆಯ ಕೆಳಗೆ ಕೈಯಿಟ್ಟು ಈ ಕಡೆಗೇ ಮುಖ ಮಾಡಿ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಉಸಿರು ಒಂದೇ ಸಮನೆ ಹೋಗಿಬರುತ್ತಿತ್ತು. ಮಂಚದ ಪಕ್ಕದ ಸ್ಟೂಲು ಖಾಲಿಯಿತ್ತು. ಹೋಗಿ ಅದರ ಮೇಲೆ ಕೂರಬೇಕು, ಅವಳು ಎದ್ದು ಕಣ್ಣು ಬಿಡುವಾಗ ಅಲ್ಲಿರಬೇಕು, ಏನಾದರೂ ಹರಟಬೇಕು ಎಂದು ಬಹಳ ಅನ್ನಿಸಿತು. ಜೀಪು ಹೊರಡುವ ಹೊತ್ತಾಗಿತ್ತು. ಸಪ್ಪಳವಾಗದ ಹಾಗೆ ಬಾಗಿಲು ಎಳೆದುಕೊಂಡು ಬಂದೆ.